ಆಕಾಶಕ್ಕೆ ಫುಲ್ ಫ್ರೇಮ್ ಬೇಕಿಲ್ಲ

ಹಾವೇರಿ ಜಿಲ್ಲೆಯ ಯಾವುದೇ ಊರಿನ ಸ್ಟುಡಿಯೋದಲ್ಲಿ ಕೇಳಿ ನೋಡಿ. ವಿಮಾನದ ಫೋಟೊ ತೆಗೆಯಬೇಕು, ಯಾವ ಕ್ಯಾಮೆರಾ ಕೊಳ್ಳಲಿ ಎಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ತಗೊಂಡ್ರ ಫುಲ್ ಫ್ರೇಮ್ ತಗೋ ತಮ್ಮಾ, ಇಲ್ಲಾಂದ್ರ ಮೊಬೈಲೇ ಛಲೋ.’ ಕೇಳಿದ ಹುಡುಗ ಹಾನಗಲ್ಲಿನವನಿರಲಿ, ಸವಣೂರಿನವನಿರಲಿ, ಡಿಗ್ರಿ ಓದುತ್ತಿರಲಿ, ಅಪ್ಪನ ಜೊತೆ ಗೋವಿನಜೋಳ ಬಿತ್ತುತ್ತಿರಲಿ, ಉತ್ತರ ಬದಲಾಗುವುದಿಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ಅದೇ ಮಾತಿಗೆ ಕಂತಿನ ಲೆಕ್ಕ ಸೇರಿಕೊಳ್ಳುತ್ತದೆ. ಯೂಟ್ಯೂಬ್ ತೆರೆದರೆ ಬೆಂಗಳೂರಿನ ದನಿಯಲ್ಲಿ ಅದೇ ಉಪದೇಶ. ಹೀಗೆ ಎಲ್ಲರೂ ಒಂದೇ ಹೇಳುವುದರಿಂದ ಹುಡುಗನಿಗೆ ಅದು ವೇದವಾಗುತ್ತದೆ. ಮೂರು ವರ್ಷ ಕಂತು ಕಟ್ಟುತ್ತಾನೆ, ಕೈಯಲ್ಲಿ ದೊಡ್ಡ ಬಾಡಿ, ಅದರ ಮುಂದೆ ಜೊತೆಗೇ ಬಂದ 24–70 ಲೆನ್ಸ್, ಆ ಲೆನ್ಸಿನಲ್ಲಿ ವಿಮಾನ ಸೊಳ್ಳೆಯಷ್ಟು.

ಈ ಉಪದೇಶ ತಪ್ಪು. ವಿಮಾನದ ಮಟ್ಟಿಗೆ ಪೂರ್ತಿ ತಪ್ಪು, ನಮ್ಮ ನಾಲ್ಕು ತಾಲ್ಲೂಕುಗಳ ಮಟ್ಟಿಗಂತೂ ಸಾಲಕ್ಕೆ ದಾರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಹುಡುಗರಿಗೆ ವಿಮಾನ ತೆಗೆಯಲು ಬೇಕಾದದ್ದು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಕ್ರಾಪ್ ಸೆನ್ಸರ್ ಕ್ಯಾಮೆರಾ ಮತ್ತು ಉದ್ದನೆಯ ಝೂಮ್. ಉಳಿದದ್ದನ್ನು ನಿಂತ ಜಾಗ, ಸೂರ್ಯ ಮತ್ತು ಗಾಳಿ ತೀರ್ಮಾನಿಸುತ್ತವೆ. ಆ ಮೂರಕ್ಕೂ ಯಾವ ಅಂಗಡಿಯಲ್ಲೂ ಬಿಲ್ ಹಾಕುವುದಿಲ್ಲ.

ಮೊದಲು ಎದುರಾಳಿಯ ಮಾತು ಎಲ್ಲಿಂದ ಬಂತು ಎಂದು ನೋಡೋಣ, ಏಕೆಂದರೆ ಹೇಳುವವರು ಸುಳ್ಳರಲ್ಲ. ನಮ್ಮ ಕಡೆ ಕ್ಯಾಮೆರಾದ ಜ್ಞಾನವೆಲ್ಲ ಮದುವೆಯಿಂದ ಬಂದದ್ದು. ಕಲ್ಯಾಣ ಮಂಟಪದ ಮಬ್ಬು ಬೆಳಕು, ಅಕ್ಷತೆ ಬೀಳುವ ಹೊತ್ತಿನ ನೂಕುನುಗ್ಗಲು, ಇಕ್ಕಟ್ಟಿನ ವೇದಿಕೆಯ ಮೇಲೆ ಬೀಗರ ಮೂರು ಸಾಲನ್ನು ಒಂದೇ ಚೌಕಟ್ಟಿಗೆ ತುಂಬಿಸುವ ಕಷ್ಟ, ಹಿಂದಿನ ಥರ್ಮಾಕೋಲ್ ಅಲಂಕಾರವನ್ನು ಮಸುಕಾಗಿಸಿ ಮದುಮಗಳ ಮುಖವನ್ನಷ್ಟೇ ಎತ್ತಿ ತೋರಿಸುವ ಚಮತ್ಕಾರ: ಇಷ್ಟಕ್ಕೂ ದೊಡ್ಡ ಸೆನ್ಸರ್ ಬೇಕೇ ಬೇಕು. 36×24 ಮಿ.ಮೀ. ಅಳತೆಯ ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ, 23.5×15.6 ಮಿ.ಮೀ.ನ ಕ್ರಾಪ್ ಸೆನ್ಸರಿನ ಎರಡೂಕಾಲು ಪಟ್ಟು ಮೀರುತ್ತದೆ. ಕತ್ತಲಲ್ಲಿ ಅದು ಒಂದು ಸ್ಟಾಪಿಗಿಂತ ತುಸು ಹೆಚ್ಚಿನ ಅನುಕೂಲ ಕೊಡುತ್ತದೆ, ಅಗಲದ ನೋಟ ಕೊಡುತ್ತದೆ. ಮದುವೆಯವರು ಅದನ್ನು ದುಡಿಸಿ ದುಡ್ಡು ತೆಗೆಯುತ್ತಾರೆ. ಸರಿ. ಆದರೆ ವಿಮಾನಕ್ಕೆ ಮಂಟಪವಿಲ್ಲ. ಅದರ ಹಿಂದೆ ಮಸುಕಾಗಿಸಲು ಏನೂ ಇಲ್ಲ. ಅದು ಹತ್ತಿರ ಬಂದು ನಿಲ್ಲುವುದಿಲ್ಲ, ಮೂರು ಸಾಲಿನಲ್ಲಿ ಕೂರುವುದಿಲ್ಲ.

ಹಿರೇಕೆರೂರಿನ ದುರ್ಗಾದೇವಿ ಕೆರೆಯ ಏರಿಯ ಮೇಲೆ ನಿಂತು ತಲೆಯೆತ್ತಿ. ನಕ್ಷೆಯ ಮೇಲೆ ಬೆಂಗಳೂರಿನಿಂದ ಗೋವಾದ ದಾಬೋಲಿಂಗೆ ನೇರ ಗೆರೆ ಎಳೆದರೆ ಅದು ಹಿರೇಕೆರೂರಿನ ನೆತ್ತಿಯ ಮೇಲೆಯೇ ಹಾದು, ಹಾನಗಲ್ಲಿನ ತುಸು ದಕ್ಷಿಣಕ್ಕೆ ಸರಿದು ಘಟ್ಟ ದಾಟುತ್ತದೆ. ಹತ್ತು ಕಿ.ಮೀ. ಎತ್ತರದಲ್ಲಿ ಒಂದು ಎ320 ಹೋಗುತ್ತಿದೆ ಎಂದುಕೊಳ್ಳಿ. ಅದರ ಉದ್ದ 37.57 ಮೀಟರ್. 300 ಮಿ.ಮೀ. ಲೆನ್ಸ್ ಹಾಕಿದರೆ ಸೆನ್ಸರಿನ ಮೇಲೆ ಬೀಳುವ ಬಿಂಬದ ಉದ್ದ 1.13 ಮಿ.ಮೀ. ಲೆನ್ಸಿನ ಹಿಂದೆ ಐವತ್ತು ಸಾವಿರದ ಬಾಡಿ ಇರಲಿ, ಐದು ಲಕ್ಷದ್ದಿರಲಿ, ಬಿಂಬ ಅಷ್ಟೇ. ಅದರೊಳಗೆ ಬಿದ್ದ ಬೆಳಕೂ ಅಷ್ಟೇ. ಇನ್ನು ಅದನ್ನು ಎಷ್ಟು ಚುಕ್ಕೆಗಳಾಗಿ ಒಡೆಯುತ್ತೀರಿ ಎಂಬುದೊಂದೇ ಪ್ರಶ್ನೆ. 24 ಮೆಗಾಪಿಕ್ಸೆಲ್ಲಿನ ಕ್ರಾಪ್ ಕ್ಯಾಮೆರಾ, ಉದಾಹರಣೆಗೆ 2015ರ ನಿಕಾನ್ ಡಿ7200, ಆ ವಿಮಾನವನ್ನು ಉದ್ದಕ್ಕೆ ಸುಮಾರು 290 ಪಿಕ್ಸೆಲ್ಲಿನಲ್ಲಿ ಹಿಡಿಯುತ್ತದೆ. ಅಷ್ಟೇ ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಹಿಡಿಯುವುದು 190. ಮೂರು ಲಕ್ಷ ದಾಟಿದ 45 ಮೆಗಾಪಿಕ್ಸೆಲ್ಲಿನ ಫುಲ್ ಫ್ರೇಮ್ ಕೂಡ 260ಕ್ಕೆ ನಿಲ್ಲುತ್ತದೆ. ಹತ್ತು ವರ್ಷ ಹಳೆಯ ಬಾಡಿಯ ಮುಂದೆ ಈ ಹೊಸ ದೊರೆ ಸೋತ.

ಹಾಗಾದರೆ ಆ ದೊಡ್ಡ ಸೆನ್ಸರಿನ ಉಳಿದ ಭಾಗದಲ್ಲಿ ಏನಿದೆ? ನೀಲಿ. ಬರೀ ನೀಲಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಕತ್ತರಿಸಿ ಎಸೆಯುವ ನೀಲಿ. ಫುಲ್ ಫ್ರೇಮಿಗೆ ಕೊಟ್ಟ ಹೆಚ್ಚುವರಿ ದುಡ್ಡಿನಲ್ಲಿ ಹುಡುಗ ಕೊಂಡದ್ದು ಹೆಚ್ಚುವರಿ ಆಕಾಶವನ್ನು. ಇದು ಒಂದೆಕರೆಗಾಗುವಷ್ಟು ಬೀಜ ಇಟ್ಟುಕೊಂಡು ಎರಡೂಕಾಲು ಎಕರೆ ಲಾವಣಿಗೆ ಹಿಡಿದ ಕಥೆ. ‘ಫುಲ್ ಫ್ರೇಮಿನಲ್ಲಿ ನಾಯ್ಸ್ ಕಡಿಮೆ’ ಎಂಬ ವಾದವೂ ಇಲ್ಲಿ ಕೈಕೊಡುತ್ತದೆ. ಒಂದೇ ಲೆನ್ಸ್ ಹಾಕಿ, ಎರಡರಲ್ಲೂ ವಿಮಾನವನ್ನೇ ಕತ್ತರಿಸಿ ಪಕ್ಕಪಕ್ಕ ಇಟ್ಟರೆ ಆ ಅನುಕೂಲ ಬಹುಪಾಲು ಮಾಯ, ಏಕೆಂದರೆ ಅನುಕೂಲ ಇದ್ದದ್ದು ಪೂರ್ತಿ ಚೌಕಟ್ಟು ತುಂಬಿದಾಗ ಮಾತ್ರ. ಅದೂ ಇರಲಿ. ಬಿಸಿಲಿನ ಹಗಲಲ್ಲಿ ಎಫ್5.6ಕ್ಕೆ ಐಎಸ್ಒ 200 ಇಟ್ಟರೆ ಶಟರ್ ಸೆಕೆಂಡಿನ 1/1600ರ ಆಸುಪಾಸು ಸಿಗುತ್ತದೆ. ಜೆಟ್ ವಿಮಾನ ಹಿಡಿಯಲು ಅಷ್ಟು ಸಾಕು. ಐಎಸ್ಒ 200ರಲ್ಲಿ ನಾಯ್ಸ್ ಹುಡುಕಲು ಭೂತಗನ್ನಡಿ ಬೇಕು.

ಫುಲ್ ಫ್ರೇಮಿಗೆ ದುಡ್ಡಿಲ್ಲದವನಿಗೆ ಎರಡನೇ ಉಪದೇಶ ಸಿದ್ಧವಿರುತ್ತದೆ: ಸೂಪರ್ ಝೂಮ್. 2015ರಲ್ಲಿ ನಿಕಾನ್ ಪಿ900 ಬಂತು, 83 ಪಟ್ಟು ಝೂಮ್. 2018ರಲ್ಲಿ ಪಿ1000, 125 ಪಟ್ಟು, ಪೆಟ್ಟಿಗೆಯ ಮೇಲೆ 3000 ಮಿ.ಮೀ. ಎಂಬ ಅಂಕಿ. ಚಂದ್ರನ ಕುಳಿಗಳನ್ನು ತೋರಿಸುವ ವಿಡಿಯೋ ನೋಡಿ ಮರುಳಾಗದವರುಂಟೆ? ಆ 3000ದ ನಿಜರೂಪ 539 ಮಿ.ಮೀ.; ಸೆನ್ಸರ್ 6 ಮಿ.ಮೀ. ಚಿಲ್ಲರೆ ಅಗಲದ್ದಾದ್ದರಿಂದ ನೋಟ ಕಿರಿದಾಗಿ ಹಾಗೆ ಕಾಣುತ್ತದೆ. ತುದಿಯ ಝೂಮಿನಲ್ಲಿ ಲೆನ್ಸ್ ಎಫ್8ಕ್ಕೆ ಇಳಿಯುತ್ತದೆ. ಆಗ ಬೆಳಕಿನ ಸ್ವಭಾವದಿಂದಲೇ ಒಂದು ಬಿಂದು ಹರಡಿಕೊಳ್ಳುವ ವೃತ್ತದ ವ್ಯಾಸ ಹತ್ತು ಮೈಕ್ರಾನ್ ದಾಟುತ್ತದೆ, ಅಲ್ಲಿ ಒಂದು ಪಿಕ್ಸೆಲ್ಲಿನ ಅಗಲ 1.34 ಮೈಕ್ರಾನ್. ಅಡ್ಡಕ್ಕೆ ಎಂಟು ಪಿಕ್ಸೆಲ್ ಸಾಲಾಗಿ ಕೂತು ಒಂದೇ ಬಿಂದುವನ್ನು ನೋಡುತ್ತಿರುತ್ತವೆ. ಲೆಕ್ಕಕ್ಕೆ ಪಿಕ್ಸೆಲ್ ಬೇಕಾದಷ್ಟು, ಒಳಗೆ ವಿವರ ಅಷ್ಟಿಲ್ಲ.

ಆದರೂ ನ್ಯಾಯ ಹೇಳಬೇಕು. ದೂರದ ವಸ್ತುವಿನ ವಿವರ ಹಿಡಿಯುವುದು ಲೆನ್ಸಿನ ಬಾಯಿಯ ಅಗಲ. ಪಿ1000ದ ಬಾಯಿ 67 ಮಿ.ಮೀ., 300 ಮಿ.ಮೀ. ಎಫ್5.6ರದ್ದು 54. ನೆತ್ತಿಯ ಮೇಲೆ ನೇರ ಗೆರೆಯಲ್ಲಿ ನಿಧಾನ ಸರಿದಂತೆ ಕಾಣುವ ವಿಮಾನ ಯಾವ ಕಂಪನಿಯದು ಎಂದು ಓದುವುದಷ್ಟೇ ಆಸೆಯಾದರೆ ಈ ಸೂಪರ್ ಝೂಮ್ ಗೆಲ್ಲುತ್ತದೆ, ಅದನ್ನು ಕೊಂಡವರನ್ನು ನಾನು ಬೈಯಲಾರೆ. ಬೈಯುವುದು ಅದನ್ನೇ ಎಲ್ಲದಕ್ಕೂ ಮದ್ದು ಎಂದು ಮಾರುವವರನ್ನು. ಇಳಿಯುತ್ತಿರುವ ಪ್ರೊಪೆಲ್ಲರ್ ವಿಮಾನ ಎಟಿಆರ್, ಏಳುತ್ತಿರುವ ಹೆಲಿಕಾಪ್ಟರ್, ಸಂಜೆಯ ಬೆಳಕು ಯಾವುದು ಬಂದರೂ ಅದು ತಡವರಿಸುತ್ತದೆ. ಅಷ್ಟು ಕಿರಿದಾದ ನೋಟದಲ್ಲಿ ಓಡುವ ವಿಮಾನವನ್ನು ಹುಡುಕುವಷ್ಟರಲ್ಲಿ ವಿಮಾನ ಮರದ ಮರೆಗೆ ಹೋಗಿರುತ್ತದೆ. ಬಾಯಗಲದ ಲೆಕ್ಕ ಮೆಚ್ಚಿದವರು ದುಡ್ಡನ್ನು ಲೆನ್ಸಿಗೆ ಹಾಕಲಿ. ನಿಕಾನಿನ 200–500 ಎಫ್5.6ರ ಬಾಯಿ 89 ಮಿ.ಮೀ. ವಿಮಾನದ ರೆಕ್ಕೆಯಡಿ ಬರೆಯುವ ನೋಂದಣಿ ಅಕ್ಷರಗಳು ಅಂತರರಾಷ್ಟ್ರೀಯ ನಿಯಮದಂತೆ ಕನಿಷ್ಠ 50 ಸೆಂ.ಮೀ. ಎತ್ತರ ಇರಬೇಕು. 300 ಮಿ.ಮೀ.ನಲ್ಲಿ ಹತ್ತು ಕಿ.ಮೀ. ಮೇಲಿನ ಆ ಅಕ್ಷರಕ್ಕೆ ಸಿಗುವುದು ನಾಲ್ಕೇ ಪಿಕ್ಸೆಲ್, ಓದುವುದಕ್ಕಿಂತ ಊಹಿಸುವುದೇ ಹೆಚ್ಚು. ಅದೇ ಡಿ7200 ಮೇಲೆ 500 ಮಿ.ಮೀ. ಹಾಕಿದರೆ ಆರು ಪಿಕ್ಸೆಲ್ ಮೀರುತ್ತದೆ, ಗಾಳಿ ಒಪ್ಪಿದರೆ ಭಾರತದ ವಿಮಾನಗಳ ಗುರುತಾದ ‘ವಿಟಿ’ ಕಾಣುತ್ತದೆ.

ಗಾಳಿ ಒಪ್ಪಿದರೆ. ಇಡೀ ವಾದದಲ್ಲಿ ಅಂಗಡಿಯವರು ಬಾಯಿ ಬಿಡದ ಸಂಗತಿ ಇದು. ಸವಣೂರಿನ ಎರೆಹೊಲ ಬೇಸಗೆಯಲ್ಲಿ ಹತ್ತು ಗಂಟೆಗೇ ಕಾಯತೊಡಗುತ್ತದೆ. ಕಪ್ಪು ನೆಲದಿಂದ ಬಿಸಿ ಗಾಳಿ ಎದ್ದು, ತಣ್ಣನೆಯ ಗಾಳಿಯ ಜೊತೆ ಕಲಸಿ, ಎದುರಿನ ದೃಶ್ಯವೆಲ್ಲ ನೀರೊಳಗೆ ಕಂಡಂತೆ ನಡುಗುತ್ತದೆ. ಅದರ ಮೂಲಕ ಎರಡು ಕಿ.ಮೀ. ದೂರದ ವಿಮಾನ ತೆಗೆದರೆ ರೆಕ್ಕೆಯ ಅಂಚು ಅಲೆಯಲೆಯಾಗಿ ಬರುತ್ತದೆ, ಕಿಟಕಿಗಳು ಒಂದಕ್ಕೊಂದು ಅಂಟುತ್ತವೆ. ಹುಡುಗ ಫೋಕಸ್ ಸರಿಯಿಲ್ಲ ಎಂದು ಸರ್ವಿಸ್ ಸೆಂಟರಿಗೆ ಓಡುತ್ತಾನೆ. 24ರ ಬದಲು 61 ಮೆಗಾಪಿಕ್ಸೆಲ್ ಇದ್ದರೆ ನಡುಕವೂ ಅಷ್ಟೇ ಸ್ಫುಟವಾಗಿ ದಾಖಲಾಗುತ್ತದೆ. ಇದಕ್ಕೆ ಪರಿಹಾರ ಬೆಳಿಗ್ಗೆ ಬೇಗ ಏಳುವುದು, ಮಳೆ ಬಿದ್ದ ಮರುದಿನ ಹೊರಡುವುದು, ಎಲ್ಲಕ್ಕಿಂತ ಮುಖ್ಯವಾಗಿ ವಿಮಾನಕ್ಕೆ ಹತ್ತಿರ ಹೋಗುವುದು. ಹಾನಗಲ್ಲು ಮತ್ತು ಹಿರೇಕೆರೂರಿನ ಪಶ್ಚಿಮದ ಅಂಚು ಮಲೆನಾಡಿಗೆ ತಾಗಿಕೊಂಡದ್ದು. ಕೆರೆ, ಗದ್ದೆ, ಮಾವಿನ ತೋಪು ಇರುವಲ್ಲಿ ನೆಲ ಅಷ್ಟು ಬೇಗ ಕಾಯುವುದಿಲ್ಲ. ಒಂದೇ ಜಿಲ್ಲೆಯ ಎರಡು ಮೂಲೆಗಳಲ್ಲಿ ಒಂದೇ ಕ್ಯಾಮೆರಾ ಎರಡು ರೀತಿಯ ಫೋಟೊ ಕೊಡುವುದು ಇದಕ್ಕೇ.

ಇತ್ತೀಚೆಗೆ ಮೂರನೆಯ ಉಪದೇಶವೂ ಸೇರಿಕೊಂಡಿದೆ: ‘ಹೊಸದರಾಗ ವಿಮಾನ ಗುರುತು ಹಿಡಿಯೋ ಫೋಕಸ್ ಐತ್ರಿ, ಎಐ.’ ಇದೆ, ನಿಜ. ನಿಕಾನಿನ ಝಡ್8, ಝಡ್50 ಎರಡನೇ ಆವೃತ್ತಿ, ಕ್ಯಾನನ್ನಿನ ಆರ್6 ಎರಡನೇ ಆವೃತ್ತಿ ಮೊದಲಾದವು ವಿಮಾನವನ್ನು ತಾವೇ ಗುರುತಿಸಿ ಹಿಂಬಾಲಿಸುತ್ತವೆ. ನನ್ನ ಪ್ರಶ್ನೆ ಸರಳ: ಬರಿದಾದ ಆಕಾಶದಲ್ಲಿ ಅದು ವಿಮಾನವನ್ನಲ್ಲದೆ ಇನ್ನೇನನ್ನು ಗುರುತಿಸಬೇಕಿತ್ತು? ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯ ನವಿಲುಧಾಮದಲ್ಲಿ ಜಾಲಿಕಂಟಿಯೊಳಗೆ ಅಡಗಿದ ನವಿಲಿನ ಕಣ್ಣು ಹುಡುಕುವುದು ಕಷ್ಟದ ಕೆಲಸ. ಮುಳ್ಳು, ಎಲೆ, ಗರಿ ಎಲ್ಲ ಒಂದಕ್ಕೊಂದು ಅಡ್ಡ. ಅಲ್ಲಿ ಈ ಜಾಣತನಕ್ಕೆ ಬೆಲೆ ಕೊಡಬಹುದು. ಆಕಾಶದಲ್ಲಿ ಇರುವ ವಸ್ತು ಒಂದೇ. 2014ರ ಕ್ಯಾನನ್ 7ಡಿ ಎರಡನೇ ಆವೃತ್ತಿಯ 65 ಬಿಂದುಗಳಲ್ಲಿ ನಡುವಿನ ಕೆಲವನ್ನು ಆರಿಸಿ, ಬಿಡದೆ ಫೋಕಸ್ ಮಾಡುವ ವಿಧಾನದಲ್ಲಿಟ್ಟು ಬೆನ್ನು ಹತ್ತಿದರೆ ಅದು ವಿಮಾನವನ್ನು ಬಿಡುವುದಿಲ್ಲ. ಮೋಡದ ಬೂದಿಗೆ ಬೂದಿ ಬಣ್ಣದ ಹೊಟ್ಟೆ ಬೆರೆತಾಗ ಕೈಕೊಡುತ್ತದೆ, ಒಪ್ಪಿದೆ. ಆಗ ರೆಕ್ಕೆ ಮೈಗೆ ಸೇರುವ ಸಂದಿನ ಮೇಲೆ ಬಿಂದು ಇಡಬೇಕು. ಇದು ಒಂದು ಭಾನುವಾರದಲ್ಲಿ ಕೈಗೆ ಬರುವ ವಿದ್ಯೆ. ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಫಿಲ್ಮ್ ರೋಲು ತುಂಬಿಸಿಕೊಂಡು ಹಕ್ಕಿ ಹಿಡಿಯುವಾಗ ಯಾವ ಎಐ ಕೈಹಿಡಿದಿತ್ತು?

ಈಗ ನಮ್ಮ ನೆಲಕ್ಕೆ ನಿಜವಾಗಿ ಇಳಿಯುವ ವಾಹನಕ್ಕೆ ಬರೋಣ. ಈ ನಾಲ್ಕು ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ, ಉಪಚುನಾವಣೆಗಳಿವೆ. 2019ರ ಡಿಸೆಂಬರ್ 5ರಂದು ಹಿರೇಕೆರೂರಿನಲ್ಲಿ, 2021ರ ಅಕ್ಟೋಬರ್ 30ರಂದು ಹಾನಗಲ್ಲಿನಲ್ಲಿ, 2024ರ ನವೆಂಬರ್ 13ರಂದು ಶಿಗ್ಗಾವಿ–ಸವಣೂರು ಕ್ಷೇತ್ರದಲ್ಲಿ. ಐದು ವರ್ಷಗಳೊಳಗೆ ನಾಲ್ಕೂ ಊರುಗಳಿಗೆ ಸರದಿ ಬಂತು. ಉಪಚುನಾವಣೆ ಎಂದರೆ ರಾಜಧಾನಿಯ ನಾಯಕರು, ನಾಯಕರೆಂದರೆ ಹೆಲಿಕಾಪ್ಟರ್, ಹೆಲಿಕಾಪ್ಟರೆಂದರೆ ಮೈದಾನದ ಸುತ್ತ ಅರ್ಧ ಊರು. ನಮ್ಮ ಹುಡುಗರ ಮೊದಲ ‘ವಿಮಾನದ ಫೋಟೊ’ ಬಹುಪಾಲು ಇಂಥದ್ದೇ. ಪೊಲೀಸರು ನಿಲ್ಲಿಸಿದ ಬ್ಯಾರಿಕೇಡು 150 ಮೀಟರ್ ದೂರದಲ್ಲಿದ್ದರೂ, ಹನ್ನೆರಡು–ಹದಿಮೂರು ಮೀಟರ್ ಉದ್ದದ ಹೆಲಿಕಾಪ್ಟರನ್ನು 200 ಮಿ.ಮೀ. ಲೆನ್ಸೇ ಕ್ರಾಪ್ ಚೌಕಟ್ಟಿನ ಮುಕ್ಕಾಲರ ಹತ್ತಿರ ತುಂಬಿಸುತ್ತದೆ. ಕಿಟ್ ಜೊತೆ ಅಗ್ಗಕ್ಕೆ ಬರುವ 55–250 ಅಲ್ಲಿ ರಾಜ.

ಅಲ್ಲಿ ಎಲ್ಲರೂ ಮಾಡುವ ಕೆಲಸವೆಂದರೆ ಶಟರನ್ನು 1/2000ಕ್ಕೆ ಏರಿಸುವುದು. ‘ಫಾಸ್ಟ್ ಇದ್ರ ಶಾರ್ಪ್’ ಎಂಬುದು ಇನ್ನೊಂದು ಮಂತ್ರ. ಫಲ? ರೆಕ್ಕೆಗಳು ಗಾಳಿಯಲ್ಲಿ ಕಲ್ಲಾಗಿ ನಿಂತ, ಇನ್ನೇನು ಬೀಳಲಿದೆ ಎನ್ನಿಸುವ ಹೆಲಿಕಾಪ್ಟರ್. ಮುಖ್ಯ ರೋಟರ್ ನಿಮಿಷಕ್ಕೆ ಮುನ್ನೂರರಿಂದ ನಾನೂರು ಸುತ್ತು ಹಾಕುತ್ತದೆ. ಮುನ್ನೂರು ಎಂದರೂ ಸೆಕೆಂಡಿಗೆ ಐದು. 1/60ರಲ್ಲಿ ಅದು 30 ಡಿಗ್ರಿ ತಿರುಗಿರುತ್ತದೆ, ಫೋಟೊದಲ್ಲಿ ತಿರುಗಿದಂತೆ ಕಾಣುತ್ತದೆ. 1/60ರಲ್ಲಿ ಮೈ ಅಲುಗದಂತೆ ಹಿಡಿಯಲು ಲೆನ್ಸಿನಲ್ಲಿ ಸ್ಥಿರತೆಯ ವ್ಯವಸ್ಥೆ ಬೇಕು, ಉಸಿರು ಬಿಗಿಹಿಡಿಯುವ ರೂಢಿ ಬೇಕು, ಹತ್ತರಲ್ಲಿ ಎಂಟು ಕೆಡುತ್ತವೆ ಎಂಬ ಸಮಾಧಾನ ಬೇಕು. ಇನ್ನು ಹೊಸ ಮಿರರ್‌ಲೆಸ್ಸಿನ ‘ಸೈಲೆಂಟ್’ ಶಟರ್ ಇದೆಯಲ್ಲ, ಮದುವೆಯಲ್ಲಿ ಪುರೋಹಿತರಿಗೆ ಕಿರಿಕಿರಿಯಾಗದಂತೆ ತೆಗೆಯಲು ಬಳಸುವುದು, ಅದು ಇಲ್ಲಿ ಶತ್ರು. ಸಾಮಾನ್ಯ ಫುಲ್ ಫ್ರೇಮ್ ಸೆನ್ಸರ್ ಒಂದು ಚೌಕಟ್ಟನ್ನು ಮೇಲಿನಿಂದ ಕೆಳಕ್ಕೆ ಓದಲು ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟರಲ್ಲಿ ರೋಟರ್ ಕಾಲು ಸುತ್ತು ಮುಗಿಸಿರುತ್ತದೆ. ಫೋಟೊದಲ್ಲಿ ರೆಕ್ಕೆಗಳು ಕುಡಗೋಲಾಗುತ್ತವೆ. ಮೊಬೈಲಿನದೂ ಇದೇ ಕಾಯಿಲೆ. ಅತಿವೇಗದ ಸೆನ್ಸರ್ ಇರುವ ಝಡ್8ನಂಥವು ಪಾರಾಗುತ್ತವೆ, ಬೆಲೆ ಗೊತ್ತಲ್ಲ. ಹಳೆಯ ಡಿಎಸ್‌ಎಲ್‌ಆರಿನ ಯಾಂತ್ರಿಕ ಶಟರ್ ‘ಟಕ್’ ಎಂದು ಸದ್ದು ಮಾಡುತ್ತ ಇದೇ ಕೆಲಸವನ್ನು ಪುಕ್ಕಟೆ ಮುಗಿಸುತ್ತದೆ. (ಹೆಲಿಪ್ಯಾಡಿನ ಧೂಳಿನಲ್ಲಿ ಲೆನ್ಸ್ ಬದಲಿಸುವವರನ್ನು ಮಾತ್ರ ಯಾವ ಕ್ಯಾಮೆರಾವೂ ಕಾಪಾಡಲಾರದು.)

ಪ್ರೊಪೆಲ್ಲರಿನ ಲೆಕ್ಕ ಇನ್ನೂ ಸೊಗಸು. ಶಿಗ್ಗಾವಿಯಲ್ಲಿ ಹೆದ್ದಾರಿ 48ರ ಬಸ್ ಹತ್ತಿದರೆ ಹುಬ್ಬಳ್ಳಿ. 2003ರಲ್ಲಿ ಏರ್ ಡೆಕ್ಕನ್ ಬೆಂಗಳೂರಿನಿಂದ ಪುಟ್ಟ ಎಟಿಆರ್ ಹಾರಿಸಿದ ಊರು ಅದು. ಇಂಡಿಗೋ ಅಲ್ಲಿಗೆ ಎಟಿಆರ್ 72 ಮತ್ತು ಎ320 ಎರಡನ್ನೂ ತಂದಿದೆ. ಎಟಿಆರ್ 72ರ ಪ್ರೊಪೆಲ್ಲರಿಗೆ ಆರು ಅಲಗು, ಪೂರ್ಣ ವೇಗದಲ್ಲಿ ನಿಮಿಷಕ್ಕೆ 1200 ಸುತ್ತು. ಎಂದರೆ ಸೆಕೆಂಡಿಗೆ ಇಪ್ಪತ್ತು. 1/1000ರಲ್ಲಿ ಅಲಗು ಬರೀ 7 ಡಿಗ್ರಿ ಸರಿಯುತ್ತದೆ, ಕೆಟ್ಟು ನಿಂತ ಫ್ಯಾನಿನಂತೆ ಕಾಣುತ್ತದೆ. 1/125ರಲ್ಲಿ 58 ಡಿಗ್ರಿ. ಅಲಗುಗಳ ನಡುವಿನ ಅಂತರವೇ 60 ಡಿಗ್ರಿಯಾದ್ದರಿಂದ ಇಡೀ ವೃತ್ತ ತುಂಬಿ ಮಿನುಗುತ್ತದೆ. ಅಷ್ಟು ನಿಧಾನದ ಶಟರಿನಲ್ಲಿ ಓಡುವ ವಿಮಾನ ಸ್ಫುಟವಾಗಿ ಬರಬೇಕಾದರೆ ಸೊಂಟದಿಂದ ತಿರುಗಿ ಅದರ ವೇಗಕ್ಕೇ ಕ್ಯಾಮೆರಾ ಸರಿಸಬೇಕು. ಇದರ ಅಭ್ಯಾಸಕ್ಕೆ ಹುಬ್ಬಳ್ಳಿಗೂ ಹೋಗಬೇಕಿಲ್ಲ, ಶಿಗ್ಗಾವಿಯ ಹೆದ್ದಾರಿ ಪಕ್ಕ ನಿಂತು ಲಾರಿಗಳ ಮೇಲೆ ಕೈ ಪಳಗಿಸಿಕೊಳ್ಳಬಹುದು.

ಹುಬ್ಬಳ್ಳಿಯಲ್ಲಿ ಇಳಿಯುವ ಎಟಿಆರ್ 400 ಮೀಟರ್ ದೂರದಲ್ಲಿ ಹಾದರೆ 300 ಮಿ.ಮೀ. ಲೆನ್ಸಿನಲ್ಲಿ ಅದರ ಬಿಂಬ 20 ಮಿ.ಮೀ. 23.5 ಮಿ.ಮೀ. ಅಗಲದ ಕ್ರಾಪ್ ಸೆನ್ಸರಿಗೆ ಅಳೆದು ಹೊಲಿಸಿದಂತೆ ಕೂರುತ್ತದೆ. ಫುಲ್ ಫ್ರೇಮಿನವನು ಅದೇ ಚೌಕಟ್ಟಿಗೆ 450 ಮಿ.ಮೀ. ಲೆನ್ಸ್ ಹೊರಬೇಕು: ಇನ್ನೊಂದು ಖರ್ಚು, ಇನ್ನೊಂದು ಕಿಲೋ ಭಾರ. ಅಲ್ಲಿಯ ರನ್‌ವೇ ಹೆಚ್ಚುಕಡಿಮೆ ಪೂರ್ವ–ಪಶ್ಚಿಮ. ನಮ್ಮ ಅಕ್ಷಾಂಶ ಹದಿನೈದರ ಹತ್ತಿರವಾದ್ದರಿಂದ ಡಿಸೆಂಬರಿನ ನಡುಹಗಲಲ್ಲೂ ಸೂರ್ಯ ದಕ್ಷಿಣಕ್ಕೆ ವಾಲಿ 52 ಡಿಗ್ರಿಗಿಂತ ಮೇಲೇರುವುದಿಲ್ಲ. ರನ್‌ವೇಯ ದಕ್ಷಿಣಕ್ಕೆ ನಿಂತವನಿಗೆ ಬೆಳಕು ಬೆನ್ನ ಹಿಂದೆ, ಉತ್ತರಕ್ಕೆ ನಿಂತವನಿಗೆ ಕಪ್ಪು ಆಕೃತಿ. ಮೇ ಮೊದಲಿನಿಂದ ಆಗಸ್ಟ್ ಎರಡನೇ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಲೆಕ್ಕ ತಿರುಗುಮುರುಗು. ಇಷ್ಟು ತಿಳಿದ ಹುಡುಗ ಹಳೆಯ ಡಿ7200ರಲ್ಲಿ ತೆಗೆದದ್ದರ ಮುಂದೆ, ತಪ್ಪು ಪಕ್ಕದಲ್ಲಿ ನಿಂತ ಫುಲ್ ಫ್ರೇಮಿನ ಫೋಟೊ ಮಸಿ. ಬಿಳಿ ಆಕಾಶ ನೋಡಿ ಮೀಟರ್ ಮೋಸ ಹೋಗುತ್ತದೆ, ಇಂಡಿಗೋದ ಕಡುನೀಲಿ ಹೊಟ್ಟೆ ಕಪ್ಪಾಗುತ್ತದೆ. ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಬೇಕು. ಇದೂ ಬಾಡಿಯ ಬೆಲೆಗೆ ಸಂಬಂಧವಿಲ್ಲದ ಮಾತು.

ನಿಲ್ಲುವ ಜಾಗದ ಬಗ್ಗೆ ಒಂದು ಎಚ್ಚರಿಕೆ. 1937ರ ವಿಮಾನ ನಿಯಮಗಳ 13ನೇ ನಿಯಮ ಅನುಮತಿಯಿಲ್ಲದೆ ನಿಲ್ದಾಣದೊಳಗೆ ಫೋಟೊ ತೆಗೆಯುವುದನ್ನು ತಡೆಯುತ್ತದೆ. ಬೆಳಗಾವಿಯ ಸಾಂಬ್ರಾ ವಾಯುಪಡೆಯ ನೆಲೆ, ದಾಬೋಲಿಂ ನೌಕಾಪಡೆಯ ಐಎನ್‌ಎಸ್ ಹನ್ಸ. 2025ರ ಮೇ ತಿಂಗಳಲ್ಲಿ ರಕ್ಷಣಾ ನೆಲೆಗಳಲ್ಲಿ ಇಳಿಯುವ ವಿಮಾನಗಳ ಪ್ರಯಾಣಿಕರಿಗೂ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಫೋಟೊ ಬೇಡವೆಂದಿತು. ಅಂಥಲ್ಲಿ ಬೇಲಿಯ ಹೊರಗಿನಿಂದಲೂ ಕ್ಯಾಮೆರಾ ಎತ್ತಬೇಡಿ. ಹುಬ್ಬಳ್ಳಿ ನಾಗರಿಕ ನಿಲ್ದಾಣ, ಅಲ್ಲೂ ಸಾರ್ವಜನಿಕ ರಸ್ತೆಯಲ್ಲಿ ನಿಲ್ಲುವ ಮೊದಲು ಠಾಣೆಯಲ್ಲಿ ಒಂದು ಮಾತು ಕೇಳಿ, ಗುರುತಿನ ಚೀಟಿ ಜೇಬಿನಲ್ಲಿರಲಿ.

ಯಾರ ಅಪ್ಪಣೆಯೂ ಬೇಡ, ಟಿಕೆಟ್ ಸಾಕು ಎನ್ನುವಂಥ ಜಾಗ ಯಲಹಂಕದ ಏರೋ ಇಂಡಿಯಾ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುತ್ತ ಬಂದ ಪ್ರದರ್ಶನದ ಹದಿನೈದನೇ ಆವೃತ್ತಿ 2025ರ ಫೆಬ್ರವರಿ 10ರಿಂದ 14ರವರೆಗೆ ಇತ್ತು, ಕೊನೆಯ ಎರಡು ದಿನ ಜನಸಾಮಾನ್ಯರಿಗೆ. ಅಮೆರಿಕದ ಎಫ್-35, ರಷ್ಯಾದ ಸು-57 ಒಂದೇ ಅಂಗಳದಲ್ಲಿ ಕಂಡದ್ದು ಆಗ. ಅಲ್ಲಿಗೆ ಹೋಗುವುದೆಂದರೆ ಉಪದೇಶಿಗಳು ಮತ್ತೆ ಜೋರಾಗುತ್ತಾರೆ: ‘600 ಇಲ್ಲದ ಹೋದ್ರ ಏನ ಉಪಯೋಗ?’ ವಾಯುಪಡೆಯ ಸೂರ್ಯಕಿರಣ ತಂಡದ ಒಂಬತ್ತು ಹಾಕ್ ವಿಮಾನಗಳು ರೆಕ್ಕೆಗೆ ರೆಕ್ಕೆ ತಾಗಿಸಿದಂತೆ ಬಂದು, ತಲೆಯ ಮೇಲೆ ಬಣ್ಣದ ಹೊಗೆ ಬಿಡಿಸಿ ಚದುರುವಾಗ 600 ಮಿ.ಮೀ. ಹಿಡಿದವನಿಗೆ ಕಾಣುವುದು ಒಂದು ಬಾಲ, ಅರ್ಧ ಹೊಗೆ. ಆಗ ಬೇಕಾದದ್ದು 70, ಮರುಗಳಿಗೆ ಎರಡು ವಿಮಾನಗಳು ಎದುರುಬದುರಾಗಿ ದಾಟುವಾಗ 300 ಅಥವಾ 400. ಸರಿಸಿಕೊಳ್ಳಬಲ್ಲ ಝೂಮ್ ಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಫೆಬ್ರವರಿಯ ಬಿಸಿಲಿನಲ್ಲಿ, ಕೊರಳು ಹಿಂದಕ್ಕೆ ಬಾಗಿಸಿ ಅದನ್ನು ಎತ್ತಿ ಹಿಡಿಯುವ ತೋಳೂ ಬೇಕು. ಹಿಂದಿನ ರಾತ್ರಿ ಹಾವೇರಿಯಲ್ಲಿ ರೈಲು ಹತ್ತಿ ನಿದ್ದೆಗೆಟ್ಟು ಬಂದವನಿಗೆ ಮೂರು ಕಿಲೋ ಹೊರಿಸುವುದು ಪಾಪ.

ಎದುರಾಳಿಗಳ ಒಂದು ಮಾತನ್ನು ಪೂರ್ತಿ ಒಪ್ಪುತ್ತೇನೆ. ಸೂರ್ಯ ಮುಳುಗಿದ ಮೇಲೆ, ರನ್‌ವೇ ದೀಪ ಹೊತ್ತಿದ ಮೇಲೆ, ವಿಮಾನ ಹತ್ತಿರದಲ್ಲಿದ್ದು ಚೌಕಟ್ಟು ತುಂಬಿದಾಗ ಫುಲ್ ಫ್ರೇಮ್ ಗೆಲ್ಲುತ್ತದೆ. ವಾರಕ್ಕೆ ಎರಡು ಮದುವೆ ಮಾಡುವ ಸ್ಟುಡಿಯೋದವರ ಬಳಿ ಅದು ಹೇಗೂ ಇದೆ. ಅವರು ಅದರಲ್ಲೇ ವಿಮಾನ ತೆಗೆಯಲಿ, ಲೆನ್ಸ್ ಒಂದು ಕೊಂಡರೆ ಆಯಿತು. ನನ್ನ ತಕರಾರು, ಮದುವೆ ಮಾಡದ ಹುಡುಗನಿಗೆ ಮದುವೆಯ ಕ್ಯಾಮೆರಾ ಹೊರಿಸುವುದರ ಬಗ್ಗೆ. ‘ಮುಂದ ಆರ್ಡರ್ ಸಿಗತಾವ, ಆಗ ಉಪಯೋಗಕ್ಕ ಬರತೈತಿ’ ಎನ್ನುತ್ತಾರೆ. ಊರಿಗೆ ನಾಲ್ಕು ಸ್ಟುಡಿಯೋ ಇರುವಾಗ ಐದನೆಯವನಿಗೆ ಆರ್ಡರ್ ಸಿಗುವುದು ಸಿಗದಿರುವುದು ಅವನ ಹಣೆಬರಹ. ಕಂತು ಮಾತ್ರ ಪ್ರತಿ ತಿಂಗಳೂ ತಪ್ಪದೆ ಬರುತ್ತದೆ.

ಕೊಳ್ಳುವಾಗಿನ ಜಾಗರೂಕತೆ ಬೇರೆ. ಹುಬ್ಬಳ್ಳಿಯಲ್ಲಿ ಸಿಗುವ ಸೆಕೆಂಡ್ ಹ್ಯಾಂಡ್ ಬಾಡಿಗಳಲ್ಲಿ ಮದುವೆಯಲ್ಲಿ ದುಡಿದು ಬಂದವು ಬಹಳ, ಅವುಗಳ ಶಟರ್ ಕೌಂಟ್ ಕೇಳದೆ ಮುಂಗಡ ಕೊಡಬೇಡಿ. ಡಿ7200ರ ಶಟರ್ ಒಂದೂವರೆ ಲಕ್ಷ ಸಲಕ್ಕೆ, 7ಡಿ ಎರಡನೇ ಆವೃತ್ತಿ ಮತ್ತು ನಿಕಾನಿನದೇ ಇನ್ನೊಂದು ಕ್ರಾಪ್ ಬಾಡಿ ಡಿ500ರದು ಎರಡು ಲಕ್ಷ ಸಲಕ್ಕೆ ಪರೀಕ್ಷೆಗೊಂಡವು. ಅರ್ಧಕ್ಕಿಂತ ಕಡಿಮೆ ಓಡಿದ್ದು ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಆಕಾಶದ ಕಡೆ ತಿರುಗಿಸಿ ಎಫ್16ರಲ್ಲಿ ಒಂದು ಫೋಟೊ ತೆಗೆದು ನೋಡಿ, ಸೆನ್ಸರಿನ ಮೇಲಿನ ಧೂಳೆಲ್ಲ ಕಪ್ಪು ಚುಕ್ಕೆಯಾಗಿ ಲೆಕ್ಕ ಒಪ್ಪಿಸುತ್ತದೆ. ಲೆನ್ಸನ್ನು ಮೊಬೈಲ್ ಟಾರ್ಚಿಗೆ ಹಿಡಿದು ಒಳಗೆ ಬಲೆಯಂಥ ಗೆರೆಗಳಿವೆಯೇ ನೋಡಿ. ಇದ್ದರೆ ಫಂಗಸ್, ಬೇಡವೇ ಬೇಡ.

ಹಳೆಯದಕ್ಕೆ ನಾಲ್ಕು ವರ್ಷ ಬಿಟ್ಟು ಬಿಡಿಭಾಗ ಸಿಗುವುದಿಲ್ಲ ಎಂಬ ಕೊನೆಯ ಬಾಣವೂ ಬರುತ್ತದೆ. ಸಿಗದಿರಬಹುದು. ಆ ಹೊತ್ತಿಗೆ ಬದಲಿಸಲು ಅಂಥದೇ ಇನ್ನೊಂದು ಬಾಡಿ, ಎರಡು ಸಲ ಯಲಹಂಕ, ಹತ್ತು ಸಲ ಹುಬ್ಬಳ್ಳಿ, ಎಲ್ಲ ಸೇರಿಸಿದರೂ ಹೊಸ ಫುಲ್ ಫ್ರೇಮ್ ಬಾಡಿಯೊಂದರ ಬೆಲೆಯಲ್ಲಿ ಇನ್ನೂ ಮಿಗುತ್ತದೆ. ಹಾನಗಲ್ಲಿನ ಕಡೆಯವರು ಆ ಮಿಕ್ಕದ್ದರಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಮೊದಲು ಕೊಳ್ಳಲಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿಯ ತೇವಕ್ಕೆ ಬ್ಯಾಗಿನೊಳಗಿಟ್ಟ ಲೆನ್ಸ್ ಉಳಿಯುವುದಿಲ್ಲ. ಸವಣೂರಿನವರಿಗೆ ಅದರ ಗೊಡವೆ ಕಡಿಮೆ, ಧೂಳು ಊದುವ ರಬ್ಬರ್ ಬಲ್ಬ್ ಸಾಕು.